ಬಂಡವಾಳ ಹೂಡುವ ಮುನ್ನ ಗಿರಾಕಿಯನ್ನು ಎಣಿಸಿರಿ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ನಮ್ಮ ಕುಟುಂಬಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ತೋಟವೊಂದನ್ನೇ ನಂಬಿ ಇಡೀ ಸಂಸಾರ ಸಾಗದು, ಮಕ್ಕಳಲ್ಲಿ ಒಬ್ಬರಾದರೂ ಸ್ವಂತ ಉದ್ಯಮ ಹೂಡಲಿ ಎಂಬುದೇ ಆ ಮಾತು. ಕಾಯಕವನ್ನು ಗೌರವಿಸುವ ಮನೆತನಗಳಲ್ಲಿ ಇಂತಹ ಹಂಬಲ ಹುಟ್ಟುವುದು ಸ್ವಾಗತಾರ್ಹವೇ ಸರಿ. ಆದರೆ ಉದ್ಯಮಕ್ಕೆ ಬೇಕಾದ ಹಣ ಎಲ್ಲಿಂದ ಬರುತ್ತದೆ? ತೋಟವನ್ನು ಅಡವಿಟ್ಟು ತಂದ ಸಾಲದಿಂದ, ಇಲ್ಲವೇ ಮಗಳ ಮದುವೆಗೆಂದು ಕೂಡಿಟ್ಟ ಗಂಟಿನಿಂದ. ಹೀಗಿರುವಾಗ ಉದ್ಯಮ ಸೋತರೆ ಸೋಲುವುದು ಒಬ್ಬ ತರುಣನಲ್ಲ, ಇಡೀ ಮನೆ.

ಯಂತ್ರಕ್ಕೆ ಎಷ್ಟಾಗುತ್ತದೆ, ಸಬ್ಸಿಡಿ ಎಷ್ಟು ಸಿಗುತ್ತದೆ ಎಂದು ವಿಚಾರಿಸುವವರು ಬಹಳ ಮಂದಿ. ತಯಾರಾದ ಸರಕನ್ನು ಕೊಳ್ಳುವವರು ಯಾರು, ಈಗ ಅವರು ಅದನ್ನು ಯಾರಿಂದ ಕೊಳ್ಳುತ್ತಿದ್ದಾರೆ, ಅವರಲ್ಲಿ ಎಷ್ಟು ಮಂದಿ ನಮ್ಮ ಕಡೆಗೆ ಬಂದಾರು ಎಂದು ವಿಚಾರಿಸುವವರು ವಿರಳ. ಈ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಗಡಿಯಾರ ಕಾರ್ಖಾನೆಯ ಪಾಠ

ಮಾರುಕಟ್ಟೆಯ ಲೆಕ್ಕ ಸಣ್ಣವರಿಗೆ ಮಾತ್ರ ಅಗತ್ಯವೆಂದು ಯಾರೂ ಭಾವಿಸಬಾರದು. ತುಮಕೂರಿನವರ ಕಣ್ಣೆದುರಿಗೇ ದೊಡ್ಡದೊಂದು ನಿದರ್ಶನವಿದೆ. ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. 1970ರ ದಶಕದ ಕೊನೆಯ ಹೊತ್ತಿಗೆ ತುಮಕೂರಿನಲ್ಲಿಯೂ ಅದರ ಕಾರ್ಖಾನೆ ಎದ್ದು ನಿಂತಿತು. ಅಂದು ದೇಶದಲ್ಲಿ ತಯಾರಾಗುತ್ತಿದ್ದ ಕೈಗಡಿಯಾರಗಳಲ್ಲಿ ಬಹುಪಾಲು ಈ ಸಂಸ್ಥೆಯವೇ ಆಗಿದ್ದವು. ಆದರೆ ದೇಶದಲ್ಲಿ ತಯಾರಾದ ಗಡಿಯಾರಗಳೇ ಬೇರೆ, ದೇಶದಲ್ಲಿ ಮಾರಾಟವಾದ ಗಡಿಯಾರಗಳೇ ಬೇರೆ. ಕಳ್ಳಸಾಗಣೆಯಿಂದ ಬಂದ ವಿದೇಶೀ ಗಡಿಯಾರಗಳು ಯಾವ ದಫ್ತರಕ್ಕೂ ಸಿಗದೆ ಜನರ ಕೈಗೇರುತ್ತಿದ್ದವು. ನೋಟ ಚೆಲುವಾಗಿದ್ದರೆ ಹೆಚ್ಚು ಹಣ ತೆರಲು ಸಿದ್ಧರಿರುವ ಗಿರಾಕಿಗಳು ದೇಶದಲ್ಲಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿಯಾಗಿತ್ತು.

1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಕೂಡಿ ಟೈಟಾನ್ ಕಂಪೆನಿಯನ್ನು ಸ್ಥಾಪಿಸಿದವು. ಹೊಸೂರಿನಲ್ಲಿ ಕಾರ್ಖಾನೆ ಆರಂಭವಾಯಿತು. ಕ್ವಾರ್ಟ್ಜ್ ಗಡಿಯಾರವನ್ನು ಎಚ್.ಎಂ.ಟಿ. ಅದಕ್ಕೂ ಮೊದಲೇ ತಯಾರಿಸಿತ್ತು. ಆದರೆ ಗಡಿಯಾರವು ಸಮಯ ನೋಡುವ ಸಾಧನ ಮಾತ್ರವಲ್ಲದೆ ಅಲಂಕಾರದ ವಸ್ತುವೂ ಉಡುಗೊರೆಯೂ ಹೌದೆಂದು ಅರಿತು, ಅಂದವಾದ ಮಳಿಗೆಗಳನ್ನು ತೆರೆದು ಗಿರಾಕಿಯನ್ನು ಸೆಳೆದುಕೊಂಡದ್ದು ಟೈಟಾನ್. ಮುಂದಿನ ವರ್ಷಗಳಲ್ಲಿ ಎಚ್.ಎಂ.ಟಿ.ಯ ಪಾಲು ಕರಗುತ್ತ ಬಂದು, 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರು ಕಾರ್ಖಾನೆಯ ಜಾಗ ಇಸ್ರೊ ಸಂಸ್ಥೆಯ ಪಾಲಾಯಿತು. ಈ ಅವನತಿಗೆ ಕಾರಣಗಳು ಹಲವು. ಅವುಗಳಲ್ಲಿ ಗೃಹಸ್ಥರಾದ ನಾವು ಕಲಿಯಬೇಕಾದದ್ದು ಒಂದು: ಇಂದು ನಮ್ಮ ಕೈಯಲ್ಲಿರುವ ಪಾಲು ಎಷ್ಟೆಂಬುದರ ಜೊತೆಗೆ, ಲೆಕ್ಕಕ್ಕೆ ಸಿಗದ ಪ್ರತಿಸ್ಪರ್ಧಿ ಯಾರೆಂಬುದನ್ನೂ ತಿಳಿದಿರಬೇಕು.

ಪ್ರತಿಸ್ಪರ್ಧಿ ಯಾರು?

ಈ ಮಾತನ್ನು ನಮ್ಮ ಮನೆಮಟ್ಟಕ್ಕೆ ಇಳಿಸಿ ನೋಡೋಣ. ಗುಬ್ಬಿ ತಾಲ್ಲೂಕಿನ ಒಂದು ಕುಟುಂಬ ಗಾಣ ಹಾಕಿ, ಕೊಬ್ಬರಿ ಎಣ್ಣೆ ತೆಗೆದು, ತುಮಕೂರು, ಗುಬ್ಬಿ, ಕುಣಿಗಲ್ ಪಟ್ಟಣಗಳಲ್ಲಿ ಮಾರಲು ಬಯಸಿದೆ ಎಂದು ಭಾವಿಸಿರಿ. ‘ನಮ್ಮದು ತೆಂಗಿನ ಜಿಲ್ಲೆ, ಎಣ್ಣೆಗೇನು ಗಿರಾಕಿಯ ಕೊರತೆ?’ ಎಂಬ ಮಾತು ಸಹಜವಾಗಿಯೇ ಬರುತ್ತದೆ. ಆದರೆ ತೆಂಗು ಬೆಳೆಯುವ ಜಿಲ್ಲೆಯೆಲ್ಲ ತೆಂಗಿನೆಣ್ಣೆ ಕೊಳ್ಳುವ ಜಿಲ್ಲೆಯಲ್ಲ. ನಮ್ಮ ಕಡೆಯ ಒಗ್ಗರಣೆಗೆ ಹಿಂದಿನಿಂದ ಬಂದದ್ದು ಕಡಲೆಕಾಯಿ ಎಣ್ಣೆ. ಈಚೆಗೆ ಸೂರ್ಯಕಾಂತಿ ಎಣ್ಣೆಯೂ ಮನೆಮನೆಗೆ ಬಂದಿದೆ. ಕರಾವಳಿಯವರಂತೆ ಕೊಬ್ಬರಿ ಎಣ್ಣೆಯಲ್ಲಿ ಅಡುಗೆ ಮಾಡುವ ಮನೆಗಳು ಇಲ್ಲಿ ಕಡಿಮೆ. ಬಹುಪಾಲು ಮನೆಗಳಲ್ಲಿ ಅದು ತಲೆಗೆ ಹಚ್ಚುವ ಎಣ್ಣೆ. ಇದು ಅಡುಗೆಯ ಎಣ್ಣೆಯೋ ತಲೆಗೂದಲಿನ ಎಣ್ಣೆಯೋ ಎಂಬ ತೆರಿಗೆ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಸಣ್ಣ ಡಬ್ಬಿಯ ಶುದ್ಧ ತೆಂಗಿನೆಣ್ಣೆಯನ್ನೂ ಖಾದ್ಯ ತೈಲವೆಂದೇ ಪರಿಗಣಿಸಬಹುದೆಂದು 2024ರ ಡಿಸೆಂಬರಿನಲ್ಲಿ ತೀರ್ಪು ಬಂತು. ನ್ಯಾಯಾಲಯ ಹೇಗೆ ಹೆಸರಿಸಿದರೂ ಗೃಹಿಣಿ ಅದನ್ನು ಅಡುಗೆಮನೆಯಲ್ಲಿಡುತ್ತಾಳೋ ಕನ್ನಡಿಯ ಮುಂದಿಡುತ್ತಾಳೋ ಎಂಬುದರ ಮೇಲೆಯೇ ನಮ್ಮ ಮಾರಾಟ ನಿಂತಿದೆ.

ಆದ್ದರಿಂದ ಈ ಕುಟುಂಬದ ಪ್ರತಿಸ್ಪರ್ಧಿ ಪಕ್ಕದ ಊರಿನ ಗಾಣದವನಷ್ಟೇ ಅಲ್ಲ. ಮೊದಲನೆಯವನು ಪ್ಯಾರಾಚೂಟಿನಂತಹ, ದೇಶವೆಲ್ಲ ಬಲ್ಲ ನೀಲಿ ಡಬ್ಬಿ. ಎರಡನೆಯದು ಗಿರಾಕಿಯ ಮನೆಯೇ. ಗುಬ್ಬಿಯ ಸುತ್ತಿನ ಹಳ್ಳಿಗಳಲ್ಲಿ ಸ್ವಂತ ಕೊಬ್ಬರಿಯನ್ನೇ ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸಿಕೊಳ್ಳುವವರು ಪೇಟೆಯ ಡಬ್ಬಿಯನ್ನು ಏಕೆ ಕೊಂಡಾರು? ಮೂರನೆಯದು ಬೆಂಗಳೂರು. ಕುಣಿಗಲ್ಲು ಹೆದ್ದಾರಿಯ ಮೇಲಿನ ಊರು. 2017ರ ಮಾರ್ಚಿನಲ್ಲಿ ಬೆಂಗಳೂರು–ಹಾಸನ ನೇರ ರೈಲು ಮಾರ್ಗ ತೆರೆದ ಮೇಲೆ ರಾಜಧಾನಿ ಅಲ್ಲಿಯವರಿಗೆ ಇನ್ನೂ ಹತ್ತಿರವಾಯಿತು. ಅಲ್ಲಿಯ ಬಟ್ಟೆ ಅಂಗಡಿಯವರಿಗೆ ಎದುರಂಗಡಿಗಿಂತ ಬೆಂಗಳೂರಿನ ಚಿಕ್ಕಪೇಟೆಯೇ ದೊಡ್ಡ ಎದುರಾಳಿ ಎಂಬುದನ್ನು ಮರೆಯುವಂತಿಲ್ಲ.

ಕಣ್ಣಿಟ್ಟು ನೋಡುವ ಕ್ರಮ

ಪ್ರತಿಸ್ಪರ್ಧಿಯನ್ನು ಅರಿಯಲು ಗುಟ್ಟಿನ ದಾರಿ ಬೇಕಿಲ್ಲ. ಒಂದು ನೋಟ್ ಪುಸ್ತಕ ಹಿಡಿದು ತುಮಕೂರಿನ ಮಂಡಿಪೇಟೆ, ಸೋಮೇಶ್ವರಪುರಂ, ಬಟವಾಡಿ, ಕ್ಯಾತ್ಸಂದ್ರಗಳ ಕೆಲವು ಅಂಗಡಿಗಳಿಗೆ ಹೋಗಿರಿ. ಯಾವ ಯಾವ ಎಣ್ಣೆ ಇದೆ, ಯಾವ ಅಳತೆಯ ಡಬ್ಬಿ ಕಣ್ಣೆತ್ತರದಲ್ಲಿದೆ, ಬೆಲೆ ಎಷ್ಟು ಎಂದು ಬರೆದುಕೊಳ್ಳಿರಿ. ಡಬ್ಬಿಯ ಮೇಲೆ ತಯಾರಿಕೆಯ ತಿಂಗಳು ಅಚ್ಚಾಗಿರುತ್ತದೆ. ಅದು ಹೊಸದಾಗಿದ್ದರೆ ಸರಕು ಬೇಗ ಓಡುತ್ತಿದೆ ಎಂದೂ, ಹಳೆಯದಾಗಿದ್ದು ಧೂಳು ಕುಳಿತಿದ್ದರೆ ಓಡುತ್ತಿಲ್ಲವೆಂದೂ ಊಹಿಸಬಹುದು. ಅದೇ ಅಂಗಡಿಗೆ ಹದಿನೈದು ದಿನಗಳ ನಂತರ ಮತ್ತೆ ಹೋಗಿ ನೋಡಿದರೆ ಊಹೆ ಖಚಿತವಾಗುತ್ತದೆ. ಅಂಗಡಿಯವರಿಗೆ ಎಷ್ಟು ಲಾಭಾಂಶ ಬಿಡುತ್ತಾರೆ, ಎಷ್ಟು ದಿನ ಉದ್ದರಿ ಕೊಡುತ್ತಾರೆ ಎಂಬುದನ್ನು ವಿನಯದಿಂದ ಕೇಳಿದರೆ ಹೇಳುವವರು ಇದ್ದೇ ಇರುತ್ತಾರೆ.

ಪ್ರತಿಸ್ಪರ್ಧಿ ನೋಂದಾಯಿತ ಕಂಪೆನಿಯಾಗಿದ್ದರೆ, ಅದು ಸರ್ಕಾರಕ್ಕೆ ಸಲ್ಲಿಸುವ ವಾರ್ಷಿಕ ಲೆಕ್ಕಪತ್ರವನ್ನು ಅಲ್ಪ ಶುಲ್ಕ ತೆತ್ತು ಯಾರು ಬೇಕಾದರೂ ನೋಡಬಹುದು. ಆಹಾರ ಪದಾರ್ಥದ ಪೊಟ್ಟಣದ ಮೇಲಿನ 14 ಅಂಕಿಗಳ ಪರವಾನಗಿ ಸಂಖ್ಯೆಯಿಂದ ತಯಾರಕರ ಹೆಸರು, ಊರು ತಿಳಿಯುತ್ತದೆ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ಏರ್ಪಡುವ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ಒಂದು ಒಳ್ಳೆಯ ಪಾಠಶಾಲೆ. ಯಾವ ಮಳಿಗೆಯ ಮುಂದೆ ಜನ ನಿಂತು ನೋಡಿ ಹೋಗುತ್ತಾರೆ, ಯಾವುದರ ಮುಂದೆ ನಿಂತು ಹಣ ತೆಗೆಯುತ್ತಾರೆ ಎಂಬ ಭೇದವನ್ನು ಅಲ್ಲಿ ಕಾಣಬಹುದು.

ಲೆಕ್ಕ ಹಾಕುವ ಬಗೆ

ಇನ್ನು ಮಾರುಕಟ್ಟೆಯ ಗಾತ್ರ. 2011ರ ಜನಗಣತಿಯಂತೆ ತುಮಕೂರು ಜಿಲ್ಲೆಯ ಜನಸಂಖ್ಯೆ 26,78,980. ನಗರದ್ದು 3 ಲಕ್ಷಕ್ಕೂ ಮೇಲೆ. ಮನೆಗೆ ನಾಲ್ವರಂತೆ ಹಿಡಿದರೆ ನಗರದಲ್ಲಿ 75,000 ಮನೆಗಳು. ಇಷ್ಟಕ್ಕೇ ನಿಂತು ‘ಎಪ್ಪತ್ತೈದು ಸಾವಿರ ಗಿರಾಕಿಗಳು’ ಎಂದು ಹಿಗ್ಗುವುದೇ ಮೊದಲನೆಯ ಅಪಾಯ. ಬೇರೆ ಬೇರೆ ಬಡಾವಣೆಗಳ 100 ಮನೆಗಳಲ್ಲಿ ವಿಚಾರಿಸಿರಿ. ಬಂಧುಗಳ ಮನೆಗಳನ್ನೇ ಆರಿಸಿಕೊಳ್ಳಬಾರದು. ಅವರು ನಮ್ಮ ಮನ ನೋಯದಂತೆ ಉತ್ತರಿಸುತ್ತಾರೆ. ‘ಕೊಳ್ಳುವಿರಾ?’ ಎಂಬುದಕ್ಕಿಂತ ‘ಕಳೆದ ತಿಂಗಳು ಎಷ್ಟು ಕೊಂಡಿರಿ, ಯಾವುದನ್ನು ಕೊಂಡಿರಿ?’ ಎಂಬ ಪ್ರಶ್ನೆಯೇ ಮೇಲು.

ಲೆಕ್ಕದ ಸಲುವಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. 100ರಲ್ಲಿ 60 ಮನೆಗಳು ತಿಂಗಳಿಗೆ ಅರ್ಧ ಲೀಟರಿನಂತೆ ಕೊಳ್ಳುತ್ತವೆ ಎಂದಾದರೆ ನಗರದಲ್ಲಿ 45,000 ಮನೆಗಳು, 22,500 ಲೀಟರು. ಇದು ಇಡೀ ಮಾರುಕಟ್ಟೆ. ಆ 60 ಮನೆಗಳಲ್ಲಿ ಹೆಚ್ಚು ಬೆಲೆ ತೆತ್ತು ಗಾಣದೆಣ್ಣೆ ಕೊಂಡು, ಮುಗಿದ ಮೇಲೆ ಮತ್ತೆ ಕೇಳಿದವು ಮೂರೇ ಎಂದಿಟ್ಟುಕೊಳ್ಳಿ. ಆಗ ನಗರದಲ್ಲಿ 2,250 ಮನೆಗಳು, 1,125 ಲೀಟರು. ಮೊದಲ ವರ್ಷ ಅಂಗಡಿಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಮಾತ್ರ ನಮ್ಮ ಸರಕು ತಲುಪೀತು. ಅಲ್ಲಿಗೆ ಉಳಿದದ್ದು 375 ಲೀಟರು. ಅಂದರೆ ಇಡೀ ಮಾರುಕಟ್ಟೆಯಲ್ಲಿ ನೂರಕ್ಕೆ ಎರಡಕ್ಕಿಂತಲೂ ಕಡಿಮೆ ಪಾಲು. ಇದಕ್ಕೆ ಸುಮಾರು 550 ಕಿಲೋ ಕೊಬ್ಬರಿ ಸಾಕು. ದಿನಕ್ಕೆ 80 ಕಿಲೋ ಅರೆಯುವ ಗಾಣವಾದರೆ ಅದು ಏಳು ದಿನಗಳ ಕೆಲಸ. ತಿಂಗಳ ಉಳಿದ ದಿನ ಗಾಣ ಸುಮ್ಮನಿರುತ್ತದೆ. ಬ್ಯಾಂಕಿನ ಬಡ್ಡಿ ಮಾತ್ರ ಸುಮ್ಮನಿರುವುದಿಲ್ಲ.

ಈ ಲೆಕ್ಕವನ್ನು ಇನ್ನೊಂದು ತುದಿಯಿಂದಲೂ ಪರೀಕ್ಷಿಸಬೇಕು. ಮಂಡಿಪೇಟೆಯ ಸಗಟು ವ್ಯಾಪಾರಿಗಳಲ್ಲಿ ವಾರಕ್ಕೆ ಎಷ್ಟು ಪೆಟ್ಟಿಗೆ ಎಣ್ಣೆ ಹೋಗುತ್ತದೆಂದು ಕೇಳಿ ಕೂಡಿಸಿರಿ. ಮನೆಗಳಿಂದ ಬಂದ ಮೊತ್ತಕ್ಕೂ ಅಂಗಡಿಗಳಿಂದ ಬಂದ ಮೊತ್ತಕ್ಕೂ ಬಹಳ ಅಂತರವಿದ್ದರೆ ಎಲ್ಲಿಯೋ ತಪ್ಪಿದೆ ಎಂದು ತಿಳಿದು ಮತ್ತೆ ವಿಚಾರಿಸಬೇಕು.

ಮಾರುವಲ್ಲಿ ಇರುವಂತೆ ಕೊಳ್ಳುವಲ್ಲಿಯೂ ಪೈಪೋಟಿ ಇದೆ. ನಮ್ಮ ಜಿಲ್ಲೆಯ ಉಂಡೆ ಕೊಬ್ಬರಿ ತಿಪಟೂರಿನ ಮೂಲಕ ಉತ್ತರ ಭಾರತಕ್ಕೆ ತಿನ್ನುವ ಪದಾರ್ಥವಾಗಿ ಹೋಗುತ್ತದೆ. 2025ರ ಹಂಗಾಮಿಗೆ ಕ್ವಿಂಟಲಿನ ಬೆಂಬಲ ಬೆಲೆ ಎಣ್ಣೆಯ ಮಿಲ್ಲಿಂಗ್ ಕೊಬ್ಬರಿಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100 ರೂಪಾಯಿ ಇತ್ತು. 2023ರಲ್ಲಿ ಧಾರಣೆ ಬೆಂಬಲ ಬೆಲೆಗಿಂತ ಕುಸಿದು ರೈತರು ಕಂಗೆಟ್ಟರು. 2025ರಲ್ಲಿ ಅದೇ ಧಾರಣೆ ಬೆಂಬಲ ಬೆಲೆಯನ್ನು ಬಹಳ ಮೀರಿ ಏರಿತು. ಗಾಣದವನು ದಿಲ್ಲಿಯ ವರ್ತಕನೊಡನೆ ಪೈಪೋಟಿ ಮಾಡಿ ಕೊಬ್ಬರಿ ಕೊಳ್ಳಬೇಕಾದ ವರ್ಷವೂ ಬರುತ್ತದೆ. ಆ ವರ್ಷದ ಲೆಕ್ಕವನ್ನೂ ಮೊದಲೇ ಬರೆದಿಡಬೇಕು.

ಕಾಲದ ಲೆಕ್ಕ

ಎಷ್ಟು ಗಿರಾಕಿಗಳೆಂಬುದರ ಜೊತೆಗೆ ಯಾವಾಗ ಬರುವರೆಂಬುದೂ ಮುಖ್ಯ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾದದ್ದು 2016ರ ಜನವರಿಯಲ್ಲಿ, ಉದ್ಘಾಟನೆಯಾದದ್ದು 2023ರ ಫೆಬ್ರುವರಿಯಲ್ಲಿ. ಶಂಕುಸ್ಥಾಪನೆಯ ದಿನವೇ ಸಾಲ ಮಾಡಿ ಹೋಟೆಲ್ಲನ್ನೋ ಬಾಡಿಗೆ ಕೋಣೆಗಳನ್ನೋ ಕಟ್ಟಿದವರು ಏಳು ವರ್ಷ ಬಡ್ಡಿ ತೆರಬೇಕಾಗುತ್ತಿತ್ತು. ಬರಲಿರುವ ಗಿರಾಕಿಯನ್ನು ಇಂದಿನ ಗಿರಾಕಿಯೆಂದು ಎಣಿಸಬಾರದು.

ಇಷ್ಟನ್ನು ಹೇಳಿದ್ದು ಧೈರ್ಯಗೆಡಿಸಲೆಂದಲ್ಲ. ಲೆಕ್ಕ ಹಾಕಿದ ಕುಟುಂಬಕ್ಕೆ ಹಲವು ದಾರಿಗಳು ಕಾಣುತ್ತವೆ. ಗಾಣ ಕೊಳ್ಳುವ ಮುನ್ನ ಇನ್ನೊಬ್ಬರ ಗಾಣದಲ್ಲಿ ಕೂಲಿ ಕೊಟ್ಟು ಅರೆಸಿ ಆರು ತಿಂಗಳು ಮಾರಿ ನೋಡಬಹುದು. ಕಡಲೆಕಾಯಿ, ಎಳ್ಳು, ಹುಚ್ಚೆಳ್ಳುಗಳನ್ನೂ ಅರೆದು ಖಾಲಿ ದಿನಗಳನ್ನು ತುಂಬಬಹುದು. ಇಲ್ಲವೇ ಈ ಉದ್ಯಮ ನಮಗಲ್ಲವೆಂದು ತೋಟ ಉಳಿಸಿಕೊಳ್ಳಬಹುದು. ಅದೂ ಒಂದು ಗಳಿಕೆಯೇ. ವಿಚಾರಣೆಯಲ್ಲಿಯೂ ಮರ್ಯಾದೆ ಇರಬೇಕು. ಸುಳ್ಳು ಹೆಸರು ಹೇಳಿ ಗುಟ್ಟು ಕೇಳುವುದು, ಪರರ ಚೀಟಿಯನ್ನು ಹೋಲುವ ಚೀಟಿ ಅಂಟಿಸುವುದು, ಆಳನ್ನು ಪುಸಲಾಯಿಸಿ ಲೆಕ್ಕ ತರಿಸುವುದು ಸಲ್ಲವು. ಪ್ರತಿಸ್ಪರ್ಧಿಯೂ ನಮ್ಮಂತೆಯೇ ಒಂದು ಸಂಸಾರ ಸಾಕುವವನು.

ಮನೆಯ ಹೆಣ್ಣುಮಕ್ಕಳನ್ನು ಈ ವಿಚಾರಣೆಯಿಂದ ಹೊರಗಿಡಬೇಡಿರಿ. ಯಾವ ಎಣ್ಣೆ ಎಷ್ಟು ದಿನ ಬರುತ್ತದೆ, ಯಾವುದನ್ನು ಒಮ್ಮೆ ಕೊಂಡವರು ಮತ್ತೆ ಕೊಳ್ಳುವುದಿಲ್ಲ ಎಂಬುದು ಅವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಹಿರಿಯರು, ಮಕ್ಕಳು, ಸೊಸೆಯಂದಿರು ಒಟ್ಟಿಗೆ ಕುಳಿತು ಒಂದು ಹಾಳೆಯ ಮೇಲೆ ಮನೆಗಳೆಷ್ಟು, ಬಳಕೆಯೆಷ್ಟು, ಪ್ರತಿಸ್ಪರ್ಧಿಗಳಾರು, ನಮ್ಮ ಪಾಲೆಷ್ಟು ಎಂದು ಬರೆಯಲಿ. ಆ ಹಾಳೆಯನ್ನು ತುಂಬಲು ಆಗದಿದ್ದರೆ ತೋಟದ ಪತ್ರ ಇನ್ನೂ ಕೆಲವು ತಿಂಗಳು ಪೆಟ್ಟಿಗೆಯಲ್ಲೇ ಇರಲಿ.