ನೀರು ಹೊರುವಷ್ಟೇ ಗಿಡ ನೆಡಿ

2014ರ ಮಳೆಗಾಲದಲ್ಲಿ ಐದು ಎಕರೆ ಕೆಂಪು ನೆಲದಲ್ಲಿ ಒಂದೇ ವಾರಕ್ಕೆ 300 ನೆಲ್ಲಿ ಗಿಡ ನೆಟ್ಟೆ. ಗುಂಡಿ, ಗಿಡ, ಕೂಲಿ ಅಂತ ಹಿಂದಿನ ವರ್ಷದ ಶೇಂಗಾ ದುಡ್ಡೆಲ್ಲ ಅದಕ್ಕೇ ಹೋಯ್ತು. ಮರುವರ್ಷ ಬೇಸಿಗೆ ಕಳೆದು ಎಣಿಸಿದರೆ ಉಳಿದದ್ದು 41. ಮಳೆ ಕೈಕೊಟ್ಟಿತು ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ತಪ್ಪು ಮಳೆಯದಲ್ಲ, ನನ್ನ ಲೆಕ್ಕದ್ದು ಅಂತ ತಿಳಿದದ್ದು 2019ರಲ್ಲಿ.

ತಿಳಿಸಿದವನು ನಮ್ಮ ಅಕ್ಕನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹಬ್ಬಕ್ಕೆ ಬಂದವನು ಖಾಲಿ ಗುಂಡಿ ನೋಡಿ, "ಮಾವ, ಇಂಥ ನಷ್ಟ ಆಗದಿರಲಿ ಅಂತಲೇ ನಮ್ಮಲ್ಲಿ ಲೀನ್, ಅಜೈಲ್ ಅಂತ ಎರಡು ಕ್ರಮ ಇಟ್ಟುಕೊಂಡಿದ್ದೀವಿ" ಅಂದ.

ಎಲ್ಲಿಂದ ಬಂತು?

ಲೀನ್‌ನ ಬೇರು ಇರುವುದು ಜಪಾನಿನ ಟೊಯೊಟಾ ಕಾರು ಕಂಪನಿಯಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಅವರಲ್ಲಿ ದುಡ್ಡೂ ಕಡಿಮೆ, ಸಾಮಾನೂ ಕಡಿಮೆ. ತೈಚಿ ಓನೊ ಎಂಬ ಎಂಜಿನಿಯರು ಬೇಕಾದದ್ದನ್ನು ಬೇಕಾದಾಗ ಬೇಕಾದಷ್ಟೇ ಮಾಡುವ ಕ್ರಮ ಕಟ್ಟಿದರು. ಸುಮ್ಮನೆ ಕಾಯುವುದು, ಸಾಮಾನು ಅತ್ತಿತ್ತ ಹೊರುವುದು, ಬೇಡದ್ದನ್ನು ಮಾಡಿ ಗುಡ್ಡೆ ಹಾಕುವುದು ಹೀಗೆ ಏಳು ಬಗೆಯ ದಂಡ ಗುರುತಿಸಿದರು. ನಮ್ಮ ಬಿಡದಿಯಲ್ಲೂ ಟೊಯೊಟಾ ಕಾರು ತಯಾರಾಗುತ್ತದೆ.

ಅಜೈಲ್ ಎಂಬ ಹೆಸರು ಬಂದದ್ದು 2001ರಲ್ಲಿ. ಅಮೆರಿಕದ ಯೂಟಾ ರಾಜ್ಯದಲ್ಲಿ 17 ಮಂದಿ ಸಾಫ್ಟ್‌ವೇರ್‌ನವರು ಕೂಡಿ ಬರೆದರು. ವರ್ಷಗಟ್ಟಲೆ ಯೋಜನೆ ಹಾಕಿ ಕೊನೆಗೆ ತೋರಿಸುವುದು ಬೇಡ. ಕೆಲವೇ ವಾರದಲ್ಲಿ ಒಂದಿಷ್ಟು ಮುಗಿಸಿ, ಬಳಸುವವರಿಗೆ ಕೊಟ್ಟು, ತಿದ್ದಿಕೊಂಡು ಮುಂದೆ ಹೋಗಬೇಕು. ಇದು ಅದರ ಸಾರ.

ಐದು ಸಲ ಯಾಕೆ?

ಟೊಯೊಟಾದಲ್ಲಿ ಕೆಲಸ ಕೆಟ್ಟರೆ 'ಯಾಕೆ' ಅಂತ ಐದು ಸಲ ಕೇಳುತ್ತಾರಂತೆ. ಅಳಿಯ ನನ್ನನ್ನೂ ಕೇಳಿದ. ಗಿಡ ಯಾಕೆ ಸತ್ತವು? ನೀರಿಲ್ಲದೆ. ನೀರು ಯಾಕಿಲ್ಲ? ಎಲ್ಲಕ್ಕೂ ಹಾಕೋಕೆ ಆಗಲಿಲ್ಲ. ಯಾಕೆ ಆಗಲಿಲ್ಲ? ಇರುವುದು ಒಂದು ಗಾಡಿ, 200 ಲೀಟರಿನ ಒಂದು ಡ್ರಮ್ಮು. ಅಷ್ಟರಲ್ಲಿ 300 ಗಿಡ ಯಾಕೆ ನೆಟ್ಟಿರಿ? ಗಿಡ ಅಗ್ಗಕ್ಕೆ ಸಿಕ್ಕಿತು. ಎಷ್ಟಕ್ಕೆ ನೀರು ಸಾಲುತ್ತೆ ಅಂತ ಯಾಕೆ ಎಣಿಸಲಿಲ್ಲ? ಉತ್ತರ ಇರಲಿಲ್ಲ.

ಅಲ್ಲೇ ಎಣಿಸಿದೆವು. ಗಿಡಕ್ಕೆ 10 ಲೀಟರಾದರೆ ಒಂದು ಡ್ರಮ್ಮಿಗೆ 20 ಗಿಡ. ವಾರಕ್ಕೆ ಒಂದು ದಿನ ಮೂರು ಸಲ ಹೊತ್ತರೆ 60 ಗಿಡ. ನನ್ನ ಶಕ್ತಿ ಅಷ್ಟೇ.

60ರ ಲೆಕ್ಕ

2019ರ ಮಳೆಗೆ 60 ಮಾತ್ರ ನೆಟ್ಟೆ. ಎರಡು ಬೇಸಿಗೆ ನೀರು ಕೊಟ್ಟೆ. ಎಂಟು ಸತ್ತವು. ಕಿತ್ತು ನೋಡಿದರೆ ಬುಡಕ್ಕೆ ಗೆದ್ದಲು. ನಾನು ಮುಚ್ಚಿದ ಒಣ ಸೊಪ್ಪಿಗೇ ಬಂದಿತ್ತು. 2021ರಲ್ಲಿ ಮುಂದಿನ 60 ನೆಟ್ಟಾಗ ಸೊಪ್ಪಿನ ಬದಲು ಸಣ್ಣ ಕಲ್ಲು ಹರಡಿದೆ, ಇಳಿಜಾರಿನ ಕಡೆ ಅರ್ಧಚಂದ್ರದ ಬದು ಹಾಕಿದೆ. ಆ ಸಲ ಸತ್ತದ್ದು ಮೂರು. ಒಟ್ಟಿಗೆ 300 ನೆಟ್ಟಿದ್ದರೆ ಆ ಗೆದ್ದಲಿನ ತಪ್ಪು 300 ಗಿಡಕ್ಕೂ ಆಗಿರೋದು.

ಮನೆ ಗೋಡೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಮೂರು ಸಾಲು ಬರೆದಿದ್ದೇನೆ: ಮಾಡಬೇಕಾದ್ದು, ಮಾಡ್ತಾ ಇರೋದು, ಮುಗಿದದ್ದು. ಜಪಾನಿನವರು ಇಂಥ ಗುರುತಿಗೆ ಕಾನ್‌ಬಾನ್ ಅನ್ನುತ್ತಾರೆ. ನಡುವಿನ ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಕೆಲಸ ಬರಕೂಡದು. ಬದು ಅರ್ಧ, ಹೊಂಡ ಅರ್ಧ, ಬೇಲಿ ಅರ್ಧ ಅನ್ನೋದು ಈಗ ನಮ್ಮಲ್ಲಿಲ್ಲ.

ಎಲ್ಲಕ್ಕೂ ಇದಲ್ಲ

ಬಿತ್ತನೆಗೆ ಈ ಕ್ರಮ ಹೊಂದುವುದಿಲ್ಲ. ಹದ ಬಂದಾಗ ಇಡೀ ಹೊಲ ಬಿತ್ತಲೇಬೇಕು, ಹದ ನಮಗಾಗಿ ಕಾಯೋದಿಲ್ಲ. ಬೀಜ, ಮೇವನ್ನು 'ಬೇಕಾದಾಗ ತಂದರಾಯ್ತು' ಅಂದುಕೊಂಡರೆ ಬರಗಾಲದಲ್ಲಿ ದನ ಮಾರಬೇಕಾಗುತ್ತದೆ. ಟೊಯೊಟಾದವರೇ 2011ರ ಭೂಕಂಪದ ಮೇಲೆ ಬುದ್ಧಿ ಕಲಿತು, ಕಾರಿಗೆ ಬೇಕಾದ ಚಿಪ್ಪುಗಳನ್ನು ತಿಂಗಳುಗಟ್ಟಲೆಗೆ ಆಗುವಷ್ಟು ಕೂಡಿಡುವ ಏರ್ಪಾಡು ಮಾಡಿಕೊಂಡರು. ನಮ್ಮ ಹಿರಿಯರ ಹಗೇವು ನೆನಪಾಯ್ತು.

ಹೊಸ ಬೆಳೆ, ಹೊಸ ಗಿಡ, ಹೊಸ ಸಲಕರಣೆ ಯಾವುದೇ ಇರಲಿ, ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ. ಯಾರಾದರೂ ಅಗ್ಗದ ಗಿಡ ತೋರಿಸಿದರೆ ಕೊಳ್ಳುವ ಮುಂಚೆ ನಿಮ್ಮ ಡ್ರಮ್ಮು ಎಣಿಸಿ.