ಫ್ರೀ ಆಟಕ್ಕೆ 477 ರೂಪಾಯಿ: ವಿಡಿಯೋ ಗೇಮ್ ಬೆಳೆದು ಬಂದ ಲೆಕ್ಕ

ಕಳೆದ ತಿಂಗಳು ಅಬ್ಬಾ ಅವರ ಕಿರಾಣಿ ಅಂಗಡಿಯ ಲೆಕ್ಕ ಬರೆಯುವಾಗ 477 ರೂಪಾಯಿ ತಾಳೆಯಾಗಲಿಲ್ಲ. ಎರಡು ಸಲ ಕೂಡಿದೆ, ಮೂರು ಸಲ ಕೂಡಿದೆ. ಕೊನೆಗೆ ಅಬ್ಬಾ ಅವರ ಫೋನ್ ತೆಗೆದು ನೋಡಿದಾಗ 79, 159, 239 ಎಂಬ ಮೂರು ಪಾವತಿಗಳು ಸಿಕ್ಕವು. ಆರನೇ ತರಗತಿಯಲ್ಲಿರುವ ನನ್ನ ತಮ್ಮ ಒಂದು ಮೊಬೈಲ್ ಆಟದಲ್ಲಿ ತನ್ನ ಆಟಗಾರನಿಗೆ ಹೊಸ ಉಡುಪು ಕೊಂಡಿದ್ದ. ಕೇಳಿದರೆ "ಆಪಾ, ಗೇಮ್ ಫ್ರೀನೇ ಇದೆ, ನಾನು ಬರೀ ಡ್ರೆಸ್ ತಗೊಂಡೆ" ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಆಟ ಫ್ರೀ ಇತ್ತು. ಹಾಗಾದರೆ 477 ರೂಪಾಯಿ ಹೋದದ್ದು ಹೇಗೆ? ಇದನ್ನು ತಿಳಿಯಲು ವಿಡಿಯೋ ಗೇಮ್‌ಗಳ ಚರಿತ್ರೆಯನ್ನು ಮೊದಲಿನಿಂದ ಓದುತ್ತಾ ಹೋದೆ. ಆಟಗಳು ಬೆಳೆದವು ಎಂದರೆ ಚಿತ್ರ ಚೆನ್ನಾಗಿ ಕಾಣತೊಡಗಿತು ಎಂದಷ್ಟೇ ನಾನು ತಿಳಿದಿದ್ದೆ. ಆದರೆ ಪ್ರತಿ ಕಾಲದಲ್ಲೂ ಆಟದ ವಿನ್ಯಾಸವನ್ನು ಎರಡು ವಿಷಯಗಳು ನಿರ್ಧರಿಸಿವೆ. ಒಂದು, ಯಂತ್ರಕ್ಕೆ ಎಷ್ಟು ಶಕ್ತಿ ಇದೆ ಎಂಬುದು. ಎರಡು, ಆಟ ಮಾಡಿದವರಿಗೆ ಹಣ ಯಾವಾಗ ಬರುತ್ತದೆ ಎಂಬುದು. ಕಾಮರ್ಸ್ ಓದುವ ನಮಗೆ ಎರಡನೆಯದು ಬೇಗ ಅರ್ಥವಾಗುತ್ತದೆ.

ನಾಣ್ಯ ಹಾಕುವ ಕಾಲ

ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಗೆ ಕನ್ಸೋಲ್ ಎನ್ನುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಕಂಪನಿಗಳು ಹೆಚ್ಚು ಶಕ್ತಿಯ ಹೊಸ ಪೆಟ್ಟಿಗೆ ತರುತ್ತವೆ. ಒಂದೇ ಕಾಲದಲ್ಲಿ ಬಂದ ಪೆಟ್ಟಿಗೆಗಳನ್ನು ಒಂದು ತಲೆಮಾರು ಎಂದು ಕರೆಯುತ್ತಾರೆ. ಮೊದಲನೆಯದು 1972ರಲ್ಲಿ ಅಮೆರಿಕದಲ್ಲಿ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ. ಇದರ ಹಿಂದಿದ್ದವರು ರಾಲ್ಫ್ ಬೇರ್ ಎಂಬ ಎಂಜಿನಿಯರ್. ಅದಕ್ಕೆ ಶಬ್ದವಿರಲಿಲ್ಲ, ಅಂಕ ಎಣಿಸಲೂ ಬರುತ್ತಿರಲಿಲ್ಲ. ಮೈದಾನದ ಚಿತ್ರವಿದ್ದ ಪ್ಲಾಸ್ಟಿಕ್ ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಿ ಆಡಬೇಕಿತ್ತು. ಪೆಟ್ಟಿಗೆಯ ಜೊತೆಗೆ ದಾಳ, ಇಸ್ಪೀಟು, ಆಟದ ನೋಟುಗಳನ್ನೂ ಕೊಡುತ್ತಿದ್ದರು.

ಆಗ ಹೆಚ್ಚು ಹಣ ಬರುತ್ತಿದ್ದದ್ದು ಅಂಗಡಿಗಳಲ್ಲಿ ಇಟ್ಟಿದ್ದ ನಾಣ್ಯದ ಯಂತ್ರಗಳಿಂದ. 1978ರ ಜಪಾನಿನ ಸ್ಪೇಸ್ ಇನ್ವೇಡರ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರು ಹೆಚ್ಚು ವೇಗವಾಗಿ ಬರುತ್ತಾರೆ. ಪರದೆಯ ಮೇಲೆ ಚಿತ್ರ ಕಡಿಮೆಯಾದಾಗ ಯಂತ್ರಕ್ಕೆ ಕೆಲಸ ಕಡಿಮೆಯಾಗಿ ಅದು ತಾನಾಗಿಯೇ ವೇಗ ಪಡೆಯುತ್ತಿತ್ತು. ಆಟ ಮಾಡಿದ ತೊಮೊಹಿರೊ ನಿಶಿಕಾಡೊ ಇದನ್ನು ಸರಿಪಡಿಸದೆ ಹಾಗೆಯೇ ಉಳಿಸಿಕೊಂಡರು. ಆಟಗಾರ ಬೇಗ ಸೋತರೆ ಇನ್ನೊಂದು ನಾಣ್ಯ ಬೀಳುತ್ತದೆ. ಮೂರು ಜೀವ, ಬರಬರುತ್ತಾ ಕಷ್ಟವಾಗುವ ಆಟ ಎಂಬ ಪದ್ಧತಿ ಈ ನಾಣ್ಯದ ಯಂತ್ರಗಳಲ್ಲೇ ಬೇರೂರಿತು.

ಒಮ್ಮೆ ಹಣ ಕೊಟ್ಟು ಕ್ಯಾಸೆಟ್ ಕೊಳ್ಳುವ ಕಾಲ

1977ರಲ್ಲಿ ಬಂದ ಅಟಾರಿ 2600 ಪೆಟ್ಟಿಗೆಯ ಮೆಮೊರಿ ಕೇವಲ 128 ಬೈಟ್. ನಾವು ಕಳುಹಿಸುವ ಒಂದು ಎಸ್ಸೆಮ್ಮೆಸ್ ಕೂಡ 140 ಬೈಟ್ ಹಿಡಿಯುತ್ತದೆ! ಇಷ್ಟರಲ್ಲೇ ಡೇವಿಡ್ ಕ್ರೇನ್ 1982ರಲ್ಲಿ ಪಿಟ್‌ಫಾಲ್ ಎಂಬ ಆಟ ಮಾಡಿ 255 ಬೇರೆ ಬೇರೆ ಕಾಡಿನ ದೃಶ್ಯಗಳನ್ನು ತೋರಿಸಿದರು. ಎಲ್ಲ ದೃಶ್ಯಗಳನ್ನು ತುಂಬಿಡಲು ಜಾಗವಿರಲಿಲ್ಲ. ಅದಕ್ಕೆ ಒಂದು ಸೂತ್ರ ಬರೆದು, ಬೇಕಾದಾಗ ದೃಶ್ಯ ಅದರಿಂದಲೇ ಹುಟ್ಟುವಂತೆ ಮಾಡಿದರು.

ಮುಂದೆ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಂ 1983ರಲ್ಲಿ ಬಂತು. ಅದೇ ಅಮೆರಿಕಕ್ಕೆ ಹೋದಾಗ ಎನ್‌ಇಎಸ್ ಆಯಿತು. ನಿಪ್ಪಾಣಿಯಲ್ಲಿರುವ ನನ್ನ ಮಾಮು ಚಿಕ್ಕವರಿದ್ದಾಗ ಆಡಿದ ಟಿವಿ ಗೇಮ್ ಇದರ ನಕಲು. ಆಟದ ಕಾರ್ಟ್ರಿಜ್‌ಗೆ ಅವರು ಈಗಲೂ ಕ್ಯಾಸೆಟ್ ಎಂದೇ ಹೇಳುತ್ತಾರೆ. ಅದರ ಮೇಲೆ "9999 ಇನ್ 1" ಎಂದು ಬರೆದಿರುತ್ತಿತ್ತಂತೆ. ಹಾಕಿ ನೋಡಿದರೆ ಅವೇ ಹತ್ತಾರು ಆಟಗಳು ಹೆಸರು ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದವಂತೆ.

ಮಾಮು ಆಡಿದ ಮಾರಿಯೋ, ಅಂದರೆ 1985ರ ಸೂಪರ್ ಮಾರಿಯೋ ಬ್ರದರ್ಸ್, ಪೂರ್ತಿಯಾಗಿ 40 ಕಿಲೋಬೈಟ್. ಇವತ್ತು ನಾವು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜಾಗ ಉಳಿಸಲು ಮೋಡ ಮತ್ತು ಪೊದೆಗೆ ಒಂದೇ ಆಕಾರ ಬಳಸಿ ಬಣ್ಣ ಮಾತ್ರ ಬದಲಿಸಿದರು. ಆ ಆಟ ತನ್ನನ್ನು ತಾನೇ ಕಲಿಸುವ ರೀತಿ ನನಗೆ ಇನ್ನೂ ಇಷ್ಟವಾಯಿತು. ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ ಇರುತ್ತದೆ, ಆದ್ದರಿಂದ ನಾವು ಬಲಕ್ಕೇ ನಡೆಯುತ್ತೇವೆ. ಎದುರಿಗೆ ಒಬ್ಬ ಶತ್ರು ಬರುತ್ತಾನೆ, ಹಾರದಿದ್ದರೆ ಸಾಯುತ್ತೇವೆ. ಹಾರಿದರೆ ತಲೆ ಪ್ರಶ್ನೆಚಿಹ್ನೆಯ ಇಟ್ಟಿಗೆಗೆ ತಾಗಿ ನಾಣ್ಯ ಬರುತ್ತದೆ. ಒಂದು ಸಾಲೂ ಓದದೆ ಎಲ್ಲ ನಿಯಮ ತಿಳಿಯುತ್ತದೆ. ಇಂಗ್ಲಿಷ್ ಬಾರದ ನಮ್ಮ ಮಾಮು ಆ ಆಟವನ್ನು ಯಾರ ಸಹಾಯವೂ ಇಲ್ಲದೆ ಕಲಿತದ್ದು ಇದೇ ಕಾರಣಕ್ಕೆ.

ಇಲ್ಲಿ ಗಿರಾಕಿ ಒಂದೇ ಸಲ ಹಣ ಕೊಡುತ್ತಾನೆ. ಆ ಹಣಕ್ಕೆ ಆಟ ಬಹಳ ದಿನ ಬಾಳಬೇಕು. ಆದರೆ 40 ಕಿಲೋಬೈಟ್ ಆಟ ಬಹಳ ಚಿಕ್ಕದು. ಪರಿಣತರು ಮಾರಿಯೋವನ್ನು ಐದು ನಿಮಿಷದೊಳಗೆ ಮುಗಿಸಿದ್ದಾರೆ. ಚಿಕ್ಕ ಆಟ ತಿಂಗಳುಗಟ್ಟಲೆ ನಡೆಯಬೇಕಾದರೆ ಅದು ಕಷ್ಟವಾಗಿರಬೇಕು. ಮುಂದೆ 1987ರಲ್ಲಿ ಝೆಲ್ಡಾ ಆಟದ ಕಾರ್ಟ್ರಿಜ್ ಒಳಗೆ ಚಿಕ್ಕ ಬ್ಯಾಟರಿ ಇಟ್ಟರು. ಇವತ್ತು ಆಡಿ ನಿಲ್ಲಿಸಿದ ಜಾಗದಿಂದ ನಾಳೆ ಮುಂದುವರಿಸಬಹುದಾಯಿತು. ಹೀಗೆ ಒಂದು ಬ್ಯಾಟರಿಯಿಂದ ದಿನಗಟ್ಟಲೆ ಆಡುವ ದೊಡ್ಡ ಕಥೆಯ ಆಟಗಳಿಗೆ ದಾರಿಯಾಯಿತು.

ಸಿಡಿ ಬಂದ ಮೇಲೆ

1994ರಲ್ಲಿ ಸೋನಿಯ ಪ್ಲೇಸ್ಟೇಷನ್ ಬಂತು. ಅದು ಕಾರ್ಟ್ರಿಜ್ ಬಿಟ್ಟು ಸಿಡಿ ಬಳಸಿತು. ಸಿಡಿಯಲ್ಲಿ ಸುಮಾರು 650 ಮೆಗಾಬೈಟ್ ಹಿಡಿಸುತ್ತಿತ್ತು, ತಯಾರಿಸುವ ಖರ್ಚೂ ಬಹಳ ಕಡಿಮೆ. ಖರ್ಚು ಕಡಿಮೆಯಾದಾಗ ಕಂಪನಿಗಳು ಹೊಸದನ್ನು ಪ್ರಯತ್ನಿಸಲು ಹೆದರಲಿಲ್ಲ. 1997ರ ಫೈನಲ್ ಫ್ಯಾಂಟಸಿ 7 ಮೂರು ಸಿಡಿಗಳಲ್ಲಿ ಸಿನಿಮಾದಂತೆ ಕಥೆ ಹೇಳಿತು.

ಆದರೆ ಸಿಡಿಯಿಂದ ಓದುವುದು ನಿಧಾನ. 1996ರ ರೆಸಿಡೆಂಟ್ ಈವಿಲ್ ಆಟದಲ್ಲಿ ಪ್ರತಿ ಕೋಣೆಗೆ ಹೋಗುವಾಗ ಬಾಗಿಲು ನಿಧಾನವಾಗಿ ತೆರೆಯುತ್ತದೆ. ಆಟಗಾರನಿಗೆ ಅದು ಭಯ ಹುಟ್ಟಿಸುತ್ತದೆ, ಆದರೆ ನಿಜವಾಗಿ ಆ ಹೊತ್ತಿನಲ್ಲಿ ಯಂತ್ರ ಮುಂದಿನ ಕೋಣೆಯನ್ನು ಓದಿಕೊಳ್ಳುತ್ತಿರುತ್ತದೆ. ಅದೇ ವರ್ಷ ಬಂದ ಸೂಪರ್ ಮಾರಿಯೋ 64ರಲ್ಲಿ ಮಾರಿಯೋ ಎಲ್ಲ ದಿಕ್ಕಿಗೂ ಓಡಬಲ್ಲವನಾದ. ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿಯನ್ನು ನೂಕಿದಷ್ಟೇ ಅವನ ನಡಿಗೆ ವೇಗವಾಗುತ್ತಿತ್ತು.

ಬೆಂಗಳೂರು, ಪುಣೆ ಮತ್ತು ನಮ್ಮ ಹೆದ್ದಾರಿ

2000ದಲ್ಲಿ ಬಂದ ಪ್ಲೇಸ್ಟೇಷನ್ 2 ಜಗತ್ತಿನಲ್ಲಿ 15 ಕೋಟಿಗಿಂತ ಹೆಚ್ಚು ಮಾರಾಟವಾಯಿತು. ಮೊದಲ ಪ್ಲೇಸ್ಟೇಷನ್‌ನಲ್ಲಿ ಒಂದು ಕಾರನ್ನು ಕೆಲವು ನೂರು ತ್ರಿಕೋನಗಳಿಂದ ರಚಿಸುತ್ತಿದ್ದರೆ, ಈಗಿನ ಆಟಗಳಲ್ಲಿ ಲಕ್ಷಗಟ್ಟಲೆ ಬೇಕು. ಅದನ್ನು ಮಾಡಲು ನೂರಾರು ಕಲಾವಿದರು ಬೇಕಾದರು. ಆ ಕೆಲಸದ ಒಂದು ಭಾಗ ಕರ್ನಾಟಕಕ್ಕೆ ಬಂತು. 1990ರ ದಶಕದಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಎಂಬ ಕಂಪನಿ ಫೋರ್ಜಾ ಎಂಬ ಪ್ರಸಿದ್ಧ ಕಾರ್ ರೇಸ್ ಆಟಗಳಿಗೆ ಕೆಲಸ ಮಾಡಿತು. 2019ರಲ್ಲಿ ಜಿಟಿಎ ಆಟದ ಕಂಪನಿಯಾದ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು.

ನಿಪ್ಪಾಣಿಯ ಮೇಲೆ ಹೋಗುವ ಹೆದ್ದಾರಿ ಒಂದು ಕಡೆ ಬೆಂಗಳೂರಿಗೆ, ಇನ್ನೊಂದು ಕಡೆ ಪುಣೆಗೆ ಹೋಗುತ್ತದೆ. ಆ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಚಿಕ್ಕ ತಂಡ 2020ರಲ್ಲಿ ರಾಜಿ ಎಂಬ ಆಟ ಮಾಡಿ ನಿಂಟೆಂಡೊ ಸ್ವಿಚ್‌ಗೆ ತಂದಿತು. ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯ ಕಥೆ ಅದು. ಕಥೆಯ ಭಾಗಗಳನ್ನು ನಮ್ಮ ತೊಗಲುಗೊಂಬೆ ಆಟದಂತೆ ನೆರಳಿನ ಗೊಂಬೆಗಳಲ್ಲಿ ತೋರಿಸುತ್ತಾರೆ. ಅದಕ್ಕೆ ಬಳಸಿದ ಅನ್‌ರಿಯಲ್ ಎಂಜಿನ್‌ನಂಥ ಸಾಫ್ಟ್‌ವೇರ್‌ಗಳನ್ನು ಇವತ್ತು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಂಡು ಕಲಿಯಬಹುದು.

ಹಣ ಮುಗಿಯದ ಕಾಲ

2005ರ ಎಕ್ಸ್‌ಬಾಕ್ಸ್ 360 ಮತ್ತು 2006ರ ಪ್ಲೇಸ್ಟೇಷನ್ 3ರ ತಲೆಮಾರಿನಲ್ಲಿ ಕನ್ಸೋಲ್‌ಗೆ ಇಂಟರ್ನೆಟ್ ಸಾಮಾನ್ಯವಾಯಿತು. ಆಟ ಮಾರಿದ ಮೇಲೂ ಅದಕ್ಕೆ ಹೊಸ ಭಾಗ ಸೇರಿಸಬಹುದಾಯಿತು, ಅದನ್ನು ಮಾರಲೂಬಹುದಾಯಿತು. 2006ರಲ್ಲಿ ಅಬ್ಲಿವಿಯನ್ ಎಂಬ ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದರು. ಬಹಳ ಆಟಗಾರರು ಅದನ್ನು ನೋಡಿ ನಕ್ಕರು. ಇವತ್ತು ಅಂಥದ್ದನ್ನು ನೋಡಿ ಯಾರೂ ನಗುವುದಿಲ್ಲ. ನನ್ನ ತಮ್ಮನ ಉಡುಪು ಆ ಕುದುರೆಯ ಕವಚದ ಮೊಮ್ಮಗ.

ತಮ್ಮನ ಆಟವನ್ನು ಅವನ ಪಕ್ಕದಲ್ಲೇ ಕುಳಿತು ನೋಡಿದೆ. ಅಲ್ಲಿ ರೂಪಾಯಿ ಎಂಬ ಮಾತು ಕಡಿಮೆ. ಮೊದಲು ರೂಪಾಯಿ ಕೊಟ್ಟು ವಜ್ರ ಕೊಳ್ಳಬೇಕು, ವಜ್ರ ಕೊಟ್ಟು ಉಡುಪು ಕೊಳ್ಳಬೇಕು. ಹೀಗಾಗಿ ಉಡುಪಿನ ನಿಜವಾದ ಬೆಲೆ ಮಗುವಿಗೆ ತಿಳಿಯುವುದೇ ಇಲ್ಲ. ಒಂದು ಕಟ್ಟು ವಜ್ರ ಉಡುಪಿಗೆ ಸಾಲುವುದಿಲ್ಲ, ಎರಡು ಕಟ್ಟು ಕೊಂಡರೆ ಸ್ವಲ್ಪ ಉಳಿಯುತ್ತದೆ. ಉಳಿದದ್ದು ಹಾಳಾಗಬಾರದೆಂದು ಮತ್ತೆ ಕೊಳ್ಳುವ ಆಸೆ. "ಇನ್ನು ಎರಡು ಗಂಟೆ ಮಾತ್ರ" ಎಂದು ಗಡಿಯಾರ ಓಡುತ್ತಿರುತ್ತದೆ. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ಇದೂ ವಿನ್ಯಾಸವೇ. ಮಾರಿಯೋದಲ್ಲಿ ಖಾಲಿ ಜಾಗ ನೋಡಿ ನಾವು ಬಲಕ್ಕೆ ನಡೆಯುವಂತೆ ಮಾಡಿದ ಜಾಣತನವೇ ಇಲ್ಲಿ ನಮ್ಮ ಬೆರಳನ್ನು ಪಾವತಿಯ ಗುಂಡಿಗೆ ತರುತ್ತದೆ.

ಏನು ಸಿಗುತ್ತದೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳೂ ಇವೆ. ಬೆಲ್ಜಿಯಂ 2018ರಲ್ಲಿ ಇಂಥವನ್ನು ಜೂಜು ಎಂದೇ ಪರಿಗಣಿಸಿತು. ನಮ್ಮ ದೇಶದ 2025ರ ಕಾನೂನು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೆ ಉಡುಪು ಕೊಳ್ಳುವುದು ಗೆಲ್ಲುವ ಆಸೆಗೆ ಕಟ್ಟಿದ ಪಣವಲ್ಲ, ಅದೊಂದು ಖರೀದಿ. ಅಲ್ಲಿ ನಮ್ಮನ್ನು ನಾವೇ ಕಾಯ್ದುಕೊಳ್ಳಬೇಕು.

ಆಟಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. 2020ರ ದಿ ಲಾಸ್ಟ್ ಆಫ್ ಅಸ್ ಭಾಗ 2ರಲ್ಲಿ ಕಣ್ಣು ಕಾಣದವರೂ ಕಿವಿ ಕೇಳದವರೂ ಆಡಲು 60ಕ್ಕೂ ಹೆಚ್ಚು ಸೌಲಭ್ಯಗಳಿವೆ. ನನ್ನ ದೃಷ್ಟಿಯಲ್ಲಿ ಇದು ಚಿತ್ರದ ಅಂದಕ್ಕಿಂತ ದೊಡ್ಡ ಪ್ರಗತಿ. ಆದ್ದರಿಂದ ಗೆಳೆಯರೇ, ಹೊಸ ಆಟ ಇಳಿಸಿಕೊಳ್ಳುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮಾಡಿದವರಿಗೆ ಹಣ ಯಾವಾಗ ಬರುತ್ತದೆ? ಉತ್ತರ ಗೊತ್ತಾದರೆ ಆಟ ನಿಮ್ಮನ್ನು ಎಲ್ಲಿ ತಡೆದು ನಿಲ್ಲಿಸುತ್ತದೆ ಎಂಬುದೂ ಗೊತ್ತಾಗುತ್ತದೆ. ಮನೆಯ ಹಿರಿಯರ ಫೋನಿನ ಪಿನ್ ತಮ್ಮ ತಂಗಿಯರಿಗೆ ಕಾಣದಂತೆ ನೋಡಿಕೊಳ್ಳಿ.

ಅಬ್ಬಾ ತಮ್ಮನಿಗೆ ಹೊಡೆಯಲಿಲ್ಲ. "ಈ 477 ಯಾವ ಖಾತೆಗೆ ಬರೆಯುತ್ತೀ?" ಎಂದು ನನ್ನನ್ನು ಕೇಳಿದರು. ಮಾಲೀಕರು ಸ್ವಂತಕ್ಕೆ ತೆಗೆದ ಹಣವನ್ನು ಡ್ರಾಯಿಂಗ್ಸ್ ಎಂದು ಬರೆಯಬೇಕೆಂದು ನಮ್ಮ ಪಾಠದಲ್ಲಿದೆ. ಹಾಗೆಯೇ ಬರೆದೆ. ಲೆಕ್ಕ ತಾಳೆಯಾಯಿತು. ಈಗ ತಮ್ಮ ಪ್ರತಿ ಭಾನುವಾರ ಅಂಗಡಿಯಲ್ಲಿ ಕುಳಿತು ಬೇಳೆ ಸಕ್ಕರೆ ಕಟ್ಟಿಕೊಡುತ್ತಾನೆ. 477 ರೂಪಾಯಿ ಗಳಿಸಲು ಎಷ್ಟು ಪೊಟ್ಟಣ ಕಟ್ಟಬೇಕು ಎಂದು ಅವನೇ ಎಣಿಸುತ್ತಿದ್ದಾನೆ.