ಪಿತ್ತವೂ ಅಲ್ಲ, ದೃಷ್ಟಿಯೂ ಅಲ್ಲ

ಪಾವಗಡ, ಮಧುಗಿರಿ ಕಡೆ ತಲೆನೋವಿನ ಜೊತೆ ವಾಂತಿಯೂ ಆದರೆ ‘ಪಿತ್ತ ಕೆರಳಿದೆ’ ಎಂದು ತೀರ್ಮಾನವಾಗಿಬಿಡುತ್ತದೆ. ಹಳದಿ ನೀರು ಬಿದ್ದ ಮೇಲೆ ಕೆಲವರಿಗೆ ನೋವು ಇಳಿಯುವುದರಿಂದ ನಂಬಿಕೆ ಇನ್ನಷ್ಟು ಗಟ್ಟಿ. ಆದರೆ ಇಂಥ ತಲೆನೋವು ಎಷ್ಟೋ ಸಲ ಮೈಗ್ರೇನ್; ಅದು ಹುಟ್ಟುವುದು ಹೊಟ್ಟೆಯಲ್ಲಲ್ಲ. ಮುಖಕ್ಕೂ ಮೆದುಳಿನ ಹೊದಿಕೆಗೂ ಹಬ್ಬಿರುವ ನರ ಕೆರಳಿ ನೋವು ಏಳುತ್ತದೆ. ವಾಂತಿ ಅದರ ಲಕ್ಷಣ ಮಾತ್ರ. ನೋವು ಶುರುವಾದ ಮೇಲೆ ಜಠರವೂ ಮಂದವಾಗುತ್ತದೆ. ‘ತಡೀದಿದ್ರೆ ನೋಡೋಣ’ ಎಂದು ಸಂಜೆಯವರೆಗೆ ತಳ್ಳಿ ನುಂಗಿದ ಮಾತ್ರೆ ಕೆಲಸ ಮಾಡದಿರುವುದು ಎಷ್ಟೋ ಸಲ ಇದಕ್ಕೇ.

ಇನ್ನು ದೃಷ್ಟಿ. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಗೆ ಹೋಗಿಬಂದ ಹೆಣ್ಣುಮಗಳಿಗೆ ಮರುದಿನ ತಲೆ ಸಿಡಿಯಿತು ಅನ್ನಿ. ನಿದ್ದೆಗೇಡು, ಖಾಲಿ ಹೊಟ್ಟೆ, ಬಿಸಿಲು, ತಮಟೆ, ಕರ್ಪೂರದ ಹೊಗೆ: ಮೈಗ್ರೇನ್ ಇರುವವರಿಗೆ ಇಷ್ಟರಲ್ಲಿ ಒಂದೆರಡೇ ಸಾಕು. ಮನೆಯಲ್ಲಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಆ ಘಾಟಿಗೆ ನೋವು ಇನ್ನೂ ಏರಬಹುದು! ಆಮೇಲೆ ಆಕೆ ಕತ್ತಲೆ ಕೋಣೆಯಲ್ಲಿ ಮಲಗಿ ಎದ್ದು ಸರಿಹೋದರೆ, ಹೆಸರು ಮೆಣಸಿನಕಾಯಿಗೆ.

‘ಇದು ಪಟ್ಟಣದವರ ಕಾಯಿಲೆ’ ಎನ್ನುವುದೂ ಸುಳ್ಳು. ನಿಮ್ಹಾನ್ಸ್ ತಜ್ಞರು 2009ರಲ್ಲಿ ಆರಂಭಿಸಿದ ಸಮೀಕ್ಷೆಯಲ್ಲಿ ಬೆಂಗಳೂರು ಹಾಗೂ ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ಮಾತಾಡಿಸಿದರು. ವರ್ಷದೊಳಗೆ ಮೈಗ್ರೇನ್ ಕಂಡವರು ಸುಮಾರು ನಾಲ್ಕರಲ್ಲೊಬ್ಬರು. ಹಳ್ಳಿಯವರಲ್ಲಿ, ಹೆಂಗಸರಲ್ಲಿ ಪ್ರಮಾಣ ಹೆಚ್ಚು.

ಸ್ಕ್ಯಾನಿಂಗ್ ನಾರ್ಮಲ್ ಬಂದರೆ ‘ನಾಟಕ’ ಎನ್ನುವವರಿದ್ದಾರೆ. ಮೈಗ್ರೇನ್ ಸ್ಕ್ಯಾನ್‌ನಲ್ಲಿ ಕಾಣುವ ಗಡ್ಡೆಯಲ್ಲ; ವೈದ್ಯರು ಅದನ್ನು ಗುರುತಿಸುವುದು ರೋಗಿಯ ಮಾತು ಕೇಳಿ. ತಲೆಯ ಒಂದೇ ಕಡೆ ನೋಯಬೇಕೆಂದೂ ಇಲ್ಲ; ಎರಡೂ ಕಡೆ ನೋವು ಬಂದರೂ ಮೈಗ್ರೇನ್ ಆಗಿರಬಹುದು.

ನನಗೆ ಹೆಚ್ಚು ಭಯವಾಗುವುದು ಅಂಗಡಿ ಮಾತ್ರೆಯದು. ಕಡ್ಲೇಕಾಯಿ ಕೀಳುವ ದಿನಗಳಲ್ಲಿ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ನುಂಗುತ್ತಾರೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಒಂದಕ್ಕಿಂತ ಹೆಚ್ಚು ಔಷಧಿ ಸೇರಿದ ಬೆರಕೆ ಮಾತ್ರೆಯನ್ನು 10 ದಿನ ಮುಟ್ಟಿದರೆ, ತಿಂಗಳುಗಟ್ಟಲೆ ಅದೇ ಆದಾಗ ಮಾತ್ರೆಯೇ ತಲೆನೋವು ತರುತ್ತದೆ. ಪದೇಪದೇ ಬರುವ ನೋವನ್ನು ಮೊದಲೇ ತಡೆಯುವ ಔಷಧಿಗಳು ಬೇರೆಯೇ ಇವೆ. ಪ್ರೊಪ್ರನಲಾಲ್ ಅಂಥದ್ದೊಂದು, ಆದರೆ ಆಸ್ತಮಾ ಇದ್ದವರಿಗೆ ಅದು ಆಗದು. ಹಾಗಾಗಿ ಪಕ್ಕದ ಮನೆಯವರ ಚೀಟಿ ತೋರಿಸಿ ತರುವಂತಿಲ್ಲ.

ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದ ಜೊತೆ ಕತ್ತು ಬಿಗಿಯುವುದು, ಇವು ಕಂಡರೆ ಮಾತ್ರೆಯನ್ನೂ ಹುಡುಕಬೇಡಿ, ಮೆಣಸಿನಕಾಯಿಯನ್ನೂ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.